ನ್ಯೂಜಿಲೆಂಡ್ ಗಣಪತಿಗೆ ತಾಂಬರಂ ಪುರೋಹಿತ

ನ್ಯೂಜಿಲೆಂಡಿನ ಸಣ್ಣ ಊರೊಂದರಲ್ಲಿರುವ ನನ್ನ ತಂಗಿ ಸುಮಾ, ಗಣೇಶನ ಹಬ್ಬದ ಹಿಂದಿನ ದಿನ ಅಳುತ್ತಾ ಫೋನ್ ಮಾಡಿದಳು. ಅಲ್ಲಿನ ಭಾರತೀಯರೆಲ್ಲ ಸೇರಿ ಮೊದಲ ಸಲ ಗಣಪತಿ ಕೂರಿಸುತ್ತಿದ್ದಾರೆ, ಬರಬೇಕಿದ್ದ ಪುರೋಹಿತರು ಜ್ವರದಿಂದ ಮಲಗಿದ್ದಾರೆ!

"ಚಿಂತೆ ಬಿಡು. ವಿಡಿಯೋ ಕಾಲ್‌ನಲ್ಲಿ ನಾನೇ ಮಾಡಿಸ್ತೀನಿ," ಎಂದೆ.

ರೈಲ್ವೆಯಿಂದ ನಿವೃತ್ತನಾದವನು ನಾನು. ಅಷ್ಟೊಂದು ಗಾಡಿ ಓಡಿಸುವ ಇಲಾಖೆಯವನಿಗೆ ಒಂದು ಪೂಜೆ ಓಡಿಸುವುದು ಕಷ್ಟವೇ?

ಹೆಂಡತಿ ಶಾರದಾ ಮಾತ್ರ, "ರೀ, ನಮ್ಮನೆ ಪೂಜೇಲೇ ನೀವು ಗಂಟೆ ಬಾರಿಸೋದು ಬಿಟ್ರೆ ಬೇರೇನೂ ಮಾಡಿಲ್ಲ," ಎಂದಳು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಚೆನ್ನೈ ಹತ್ತಿರದ ತಾಂಬರಂನ ನಮ್ಮ ಮನೆಯಲ್ಲಿ ಪಂಚೆಯುಟ್ಟು, ಪೂಜಾವಿಧಿಯ ಪುಸ್ತಕ ಹಿಡಿದು, ಫೋನಿನ ಮುಂದೆ ವಿರಾಜಮಾನನಾದೆ. ಅಲ್ಲಿ ಸಭಾಂಗಣ ತುಂಬ ಜನ. ನಡುವೆ ಮಕ್ಕಳೇ ಮಾಡಿದ ಜೇಡಿಮಣ್ಣಿನ ಗಣಪ. ಪೂಜೆಗೆ ಕೂತವನು ಸುಮಾಳ ಗಂಡ ರಮೇಶ.

"ನಾನು ಮಾಡಿದ ಹಾಗೇ ಎಲ್ಲರೂ ಮಾಡಿ," ಎಂದು ಅಪ್ಪಣೆ ಕೊಡಿಸಿದೆ. ಅಷ್ಟರಲ್ಲಿ ಮೂಗಿನ ಮುಂದೆ ಸೊಳ್ಳೆಯೊಂದು ಬಂತು. ಎರಡೂ ಕೈಯಿಂದ ಪಟ್ಟೆಂದು ಹೊಡೆದೆ. ನ್ಯೂಜಿಲೆಂಡಿನಲ್ಲಿ ಇಡೀ ಸಭೆ ಪಟ್ಟೆಂದು ಚಪ್ಪಾಳೆ ತಟ್ಟಿತು! ಸೊಳ್ಳೆ ಸಿಗಲಿಲ್ಲ. ಮತ್ತೆ ಹೊಡೆದೆ. ಅವರೂ ಹೊಡೆದರು. ತಿದ್ದಲು ಹೋಗಲಿಲ್ಲ, ಜನರ ಭಕ್ತಿ ಕೆಡಿಸಬಾರದಲ್ಲ!

"ರಮೇಶ, ಈಗ ಕಲಶದ ನೀರನ್ನ ಹೂವಿನಿಂದ ಗಣಪತಿ ಮೇಲೆ..." ಎನ್ನುವಷ್ಟರಲ್ಲಿ ಮಹಡಿಯ ಮನೆಯ ಮಾಮಿ ಮೋಟರ್ ನಿಲ್ಲಿಸಿ ಎಂದು ತಮಿಳಿನಲ್ಲಿ ಕೂಗಿದರು: "ಸಾರ್! ಮೋಟರ್ ನಿಪ್ಪಾಟ್ಟುಂಗೋ!"

ಅಡುಗೆಮನೆಯಿಂದ ಶಾರದಾ ಕೂಗಿದಳು: "ರೀ, ಟ್ಯಾಂಕ್ ತುಂಬಿ ನೀರು ಸುರೀತಿದೆ, ಆಫ್ ಮಾಡಿ! ನನ್ನ ಕೈಯೆಲ್ಲ ಕಡುಬಿನ ಹಿಟ್ಟು!"

ಆಕಾಶವೇ ಕಳಚಿ ಬಿದ್ದರೂ ಪೂಜೆ ನಿಲ್ಲಿಸುವವನಲ್ಲ ನಾನು. ಗರ್ಜಿಸಿದೆ: "ಸುರೀಲಿ ಬಿಡು! ಎಲ್ಲಾ ಸುರೀಲಿ!"

ರಮೇಶ ಬಹಳ ವಿಧೇಯ. ಸುರಿದ. ಇಡೀ ಕಲಶ!

ಗಣಪನ ಸೊಂಡಿಲು ಮೆಲ್ಲಗೆ ಜಾರಿ ಮಡಿಲಿಗೆ ಬಿತ್ತು. ಮಕ್ಕಳು ಅಳತೊಡಗಿದರು. ಸುಮಾಳ ಮುಖ ನೋಡಲಾಗಲಿಲ್ಲ. ಪಟಪಟನೆ ಪುಸ್ತಕ ತಿರುವಿದೆ. ಸೊಂಡಿಲು ಬಿದ್ದರೆ ಹೇಳುವ ಮಂತ್ರ ಅದರಲ್ಲಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಶಾರದಾ ಓಡಿ ಬಂದಳು. "ಸುಮಾ, ಪ್ರಾಣಪ್ರತಿಷ್ಠೆ ಇನ್ನೂ ಆಗಿಲ್ಲ ತಾನೇ? ಹಾಗಾದ್ರೆ ಅದಿನ್ನೂ ಬರೀ ಮಣ್ಣು. ಮಕ್ಕಳಿಗೆ ಹೇಳು, ಇನ್ನೊಂದು ಸೊಂಡಿಲು ಮಾಡ್ಲಿ. ರೀ, ನೀವು ಏಳಿ. ಮೋಟರ್ ಆಫ್ ಮಾಡಿ ಬಂದು ಫೋನ್ ಹಿಡ್ಕೊಳ್ಳಿ."

ಮಕ್ಕಳು ಮೊದಲಿನದಕ್ಕಿಂತ ಉದ್ದದ ಸೊಂಡಿಲು ಮಾಡಿದರು. ಶಾರದಾ ಪುಸ್ತಕವಿಲ್ಲದೆ ಪೂಜೆ ಮಾಡಿಸಿ ಆರತಿ ಹಾಡು ಹೇಳಿದಳು. ಇಡೀ ಸಭೆ ದನಿಗೂಡಿಸಿತು. ತೋಳು ನೋಯುತ್ತಿದ್ದರೂ ನಾನು ಫೋನ್ ಹಿಡಿದು ಕಂಬದಂತೆ ನಿಂತಿದ್ದೆ.

ಮಧ್ಯಾಹ್ನ ಸುಮಾ ಫೋನ್ ಮಾಡಿದಳು. "ಅಣ್ಣಾ, ಎಲ್ಲರಿಗೂ ತುಂಬಾ ಖುಷಿ! ಮುಂದಿನ ವರ್ಷವೂ ನೀವೇ ಬೇಕಂತೆ!"

ನನ್ನ ಎದೆ ಉಬ್ಬಿತು. "ಅದಕ್ಕೇನಮ್ಮಾ, ಮಾಡಿಸೋಣ."

"ಪೂಜೆ ಅತ್ತಿಗೆ ಮಾಡಿಸ್ತಾರೆ. ನೀನು ಫೋನ್ ಹಿಡ್ಕೋ. ಸ್ಟ್ಯಾಂಡ್ ಎಲ್ಲಿ ತಗೊಂಡ್ರಿ, ಒಂಚೂರೂ ಅಲ್ಲಾಡ್ಲಿಲ್ಲ ಅಂತ ಎಲ್ಲರೂ ಕೇಳ್ತಿದ್ರು!"