ಡಾಕ್ಟರ ಕಾರಿಗೆ ಶುಶ್ರೂಷೆ

ಕಾರನ್ನು ನಾಲ್ಕು ಮಾರು ಆಚೆ ಸರಿಸಬೇಕಾಗಿತ್ತು, ಅಷ್ಟೇ. ದನದ ಆಸ್ಪತ್ರೆಯ ಹಿತ್ತಲಲ್ಲಿ, ದನ ನಿಲ್ಲಿಸಿ ಸೂಜಿ ಹಾಕುವ ಕಬ್ಬಿಣದ ಚೌಕಟ್ಟಿಗೆ ಅಡ್ಡವಾಗಿ ಡಾಕ್ಟರು ತಮ್ಮ ಬಿಳಿ ಕಾರು ಬಿಟ್ಟಿದ್ದರು. ಹಿಂಭಾಗ ಗೋಡೆಗೆ ಆತುಕೊಂಡಂತಿತ್ತು. ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವನ್ನು ನೋಡಲು ಅವರು ಯಾರದೋ ಬೈಕಿನ ಹಿಂದೆ ಕೂತು ಹೋಗಿದ್ದರು. ಬೀಗದ ಕೈ ಮೇಜಿನ ಮೇಲಿತ್ತು.

ಎಮ್ಮೆ ಹೊಡೆದುಕೊಂಡು ಬಂದಿದ್ದ ನಿವೃತ್ತ ಬಸ್ ಡ್ರೈವರ್ ಬಿಡಲಿಲ್ಲ. "ತೆಗಿಯಪ್ಪಾ ಕಂಪೌಂಡರೇ, ನಾನು ಹಿಂದೆ ನಿಂತು ನೋಡ್ತೀನಿ."

ಕಂಪೌಂಡರ್ ಕಾರನ್ನು ಮುಂದಕ್ಕೆ ತಂದು, ತಿರುಗಿಸಿ, ಹಿಂದಕ್ಕೆ ಬಿಟ್ಟ.

"ಬರ್ಲಿ, ಬರ್ಲಿ, ಇನ್ನೂ ಬೇಕಾದಷ್ಟು ಜಾಗ ಇದೆ, ಬರ್ಲಿ."

ಕರ್ರ್ ಎಂದು ಸದ್ದಾಯಿತು.

"ಸಾಕು," ಎಂದ ಡ್ರೈವರ್.

ಇಳಿದು ನೋಡಿದರೆ ಹಿಂದಿನ ಬಂಪರಿನ ಮೂಲೆಯಲ್ಲಿ ಮೂರು ಗೀರು. ನೇಗಿಲು ಹೊಡೆದ ಸಾಲಿನಂತೆ ಬಣ್ಣ ಸೀಳಿಕೊಂಡು ಒಳಗಿನ ಕರಿ ಪ್ಲಾಸ್ಟಿಕ್ ಕಾಣುತ್ತಿತ್ತು. ಕಂಪೌಂಡರ್ ಡಾಕ್ಟರು ಬರುವ ದಾರಿಯತ್ತ ನೋಡಿದ. ಹೆಂಡತಿ ಮಕ್ಕಳು ಒಂದೂರಲ್ಲಿ, ತಾನೊಂದೂರಲ್ಲಿ ಎಂದು ಮೂರು ವರ್ಷ ಕಳೆದು, ಅವರಿರುವ ಊರಿಗೆ ವರ್ಗ ಕೇಳಿ ಬರೆದ ಅರ್ಜಿ ಡಾಕ್ಟರ ಅಂಗಿಜೇಬಿನಲ್ಲೇ ಇತ್ತು. ಇವತ್ತು ಮೂರು ಗಂಟೆಗೆ ಮೇಲಧಿಕಾರಿ ಬರುವವರಿದ್ದರು. 'ಒಂದು ಮಾತು ಹಾಕ್ತೀನಿ' ಎಂದು ಡಾಕ್ಟರು ಬೆಳಿಗ್ಗೆಯಷ್ಟೇ ಬಾಯಿಬಿಟ್ಟು ಹೇಳಿದ್ದರು.

"ನೀವೇ ಅಲ್ವಾ ಬರ್ಲಿ ಬರ್ಲಿ ಅಂದಿದ್ದು?"

"ಬರ್ಲಿ ಅಂದೆ. ಗುದ್ದು ಅಂದ್ನಾ?"

ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಸರದಿಗೆ ಕೂತಿದ್ದ ಅಜ್ಜಿ ಎದ್ದು ಬಂದು ಗೀರಿನೊಳಗೆ ಉಗುರಾಡಿಸಿದಳು. "ಆಳವಾಗೇ ಆಗಿದೆ ಮಗಾ. ಹೊಲಿಗೆ ಹಾಕ್ಬೇಕಾಗತ್ತೇನೋ."

ಕಂಪೌಂಡರನಿಗೆ ಗೊತ್ತಿದ್ದದ್ದು ದನದ ವೈದ್ಯ. ಅದನ್ನೇ ಮಾಡಿದ. ಗೊರಸು ಉಜ್ಜುವ ಅರ ತಂದು ಗೀರುಗಳನ್ನು ಉಜ್ಜಿದ. ಮೂರು ಗೀರು ಹೋಗಿ ಅಂಗೈಯಗಲದ ಒಂದು ಹುಣ್ಣಾಯಿತು. ಮುರಿದ ಕಾಲಿಗೆ ಹಾಕುವ ಪ್ಲಾಸ್ಟರನ್ನು ಕಲಸಿ ಮೆತ್ತಿದ. ಒಣಗಿ ಗಟ್ಟಿಯಾಯಿತು ಎನ್ನುವಷ್ಟರಲ್ಲಿ ಡ್ರೈವರ್ ಪರೀಕ್ಷೆಗೆಂದು ಬಂಪರಿಗೆ ಮೊಣಕಾಲು ಒತ್ತಿದ. ಪ್ಲಾಸ್ಟಿಕ್ ಬಾಗಿತು, ಪ್ಲಾಸ್ಟರ್ ಬಾಗಲಿಲ್ಲ. ಹಪ್ಪಳದಂತೆ ಕಳಚಿ ಬಿತ್ತು.

ಮೇಕೆ ಹಿಡಿದು ನಿಂತಿದ್ದ ಪೇಂಟರ್ ಇಷ್ಟು ಹೊತ್ತು ಸುಮ್ಮನೆ ಬೀಡಿ ಸೇದುತ್ತಿದ್ದವನು ಈಗ ಅದನ್ನು ನೆಲಕ್ಕೆ ಒತ್ತಿ ಆರಿಸಿದ. "ಅಣ್ಣಾ, ಇದು ನನ್ನ ಕೆಲ್ಸ. ನೀನು ನನ್ನ ಮೇಕೆ ನೋಡು, ನಾನು ನಿನ್ನ ಕಾರು ನೋಡ್ತೀನಿ."

ಆಮೇಲಿನ ಎರಡು ಗಂಟೆ ಆ ಹಿತ್ತಲಲ್ಲಿ ಯಾವ ಪ್ರಾಣಿಗೂ ಸಿಗದ ಆರೈಕೆ ಆ ಬಂಪರಿಗೆ ಸಿಕ್ಕಿತು. ಪೇಂಟರ್ ಸೈಕಲ್ಲಿನ ಚೀಲದಿಂದ ಡಬ್ಬಿಗಳನ್ನು ತಂದ. ಸ್ಪಿರಿಟ್ಟಿನಲ್ಲಿ ತೊಳೆದ, ನೀರು ಹಾಕಿ ಮರಳು ಕಾಗದದಲ್ಲಿ ತಿಕ್ಕಿದ, ಹುಣ್ಣಿಗೆ ಪುಟ್ಟಿ ತುಂಬಿದ, ಮತ್ತೆ ತಿಕ್ಕಿದ.

"ಬಿಳಿ ತಾನೇ, ಬೇಗ ಹೊಡಿ," ಎಂದ ಕಂಪೌಂಡರ್.

"ಬಿಳಿ ಅಂದ್ರೆ ಒಂದೇನಾ? ಸುಣ್ಣದ್ದು ಬೇರೆ, ಹಾಲಿಂದು ಬೇರೆ. ಇದು ಮೂರು ವರ್ಷ ಬಿಸಿಲು ತಿಂದಿರೋ ಬಿಳಿ." ಒಂದು ತೊಟ್ಟು ಹಳದಿ ಸೇರಿಸಿ ಕದಡಿದ.

ಬಣ್ಣ ಊದುವ ಗನ್ ಇರಲಿಲ್ಲ. ದನಗಳ ಮೈಗೆ ಹತ್ತುವ ಉಣ್ಣೆಹುಳಕ್ಕೆ ಔಷಧಿ ಹೊಡೆಯುವ ಪಂಪಿತ್ತು. ಅದರಲ್ಲೇ ಹೊಡೆದರು. ಔಷಧಿಯ ವಾಸನೆಗೆ ಇನ್ನು ಆ ಕಾರಿಗೆ ಈ ಜನ್ಮದಲ್ಲಿ ಉಣ್ಣೆ ಹತ್ತುವಂತಿರಲಿಲ್ಲ. ಬಣ್ಣ ಒಣಗಲು ಅಜ್ಜಿ ಸೆರಗಿನಿಂದ ಗಾಳಿ ಹಾಕಿದಳು. ಕೊನೆಗೆ ಕೆಚ್ಚಲಿಗೆ ಹಚ್ಚುವ ಮುಲಾಮು ಸವರಿ ಒರೆಸಿದಾಗ ಬಂಪರಿನಲ್ಲಿ ಎಮ್ಮೆಯ ಮುಖ ಕಂಡಿತು.

ಮೂರಕ್ಕೆ ಹತ್ತು ನಿಮಿಷ ಇದ್ದಾಗ ಡಾಕ್ಟರು ಬೈಕಿನಿಂದಿಳಿದರು. ಕಾರಿನ ಹಿಂದೆ ಹೋಗಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇಲ್ಲಿ ಗೀರಿದ್ವಲ್ಲ?"

"ಗೀರಾ? ಯಾವ ಗೀರು ಸಾರ್?" ಎಂದ ಕಂಪೌಂಡರ್, ಮುಖದಲ್ಲಿ ಹಸುಗೂಸಿನ ಕಳೆ ತಂದುಕೊಂಡು.

"ಹೋದ ವಾರ ನಾನೇ ನಮ್ಮನೆ ಗೇಟಿಗೆ ಉಜ್ಜಿಸಿದ್ದು ಕಣಯ್ಯಾ. ಡ್ಯೂಟಿ ಮೇಲಿದ್ದಾಗ ಹೋರಿ ತಿವೀತು, ಇಲಾಖೆಯಿಂದ ಹೊಸ ಬಂಪರ್ ಕೊಡಿಸಿ ಅಂತ ಬರೆದಿದೀನಿ. ಸಾಹೇಬ್ರು ಬರ್ತಿರೋದೇ ಅದನ್ನ ನೋಡೋಕೆ."

"ಹಾಗಾದ್ರೆ... ಕರ್ರ್ ಅಂತ ಸದ್ದಾಯ್ತಲ್ಲ?"

ಅಜ್ಜಿ ಚಕ್ರದ ಹಿಂದಿನಿಂದ ತಟ್ಟೆಯಷ್ಟು ಚಪ್ಪಟೆಯಾದ ತಗಡಿನ ಬಕೆಟ್ಟನ್ನು ಎಳೆದು ತೋರಿಸಿದಳು.

ಡಾಕ್ಟರು ಜೇಬಿನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಮುಂಚೆ ಹೆಂಗಿತ್ತೋ ಹಂಗೆ ಮಾಡು. ನಾನು ಕೈ ತೊಳೆದು ಬರೋದ್ರೊಳಗೆ."

ಕಂಪೌಂಡರ್ ಗೊರಸು ಕೆತ್ತುವ ಚಾಕು ಹಿಡಿದು ಕುಕ್ಕುರುಗಾಲಲ್ಲಿ ಕೂತ. ಪೇಂಟರ್ ಮೇಕೆಯನ್ನು ತಬ್ಬಿಕೊಂಡು ಗೋಡೆಯ ಕಡೆ ತಿರುಗಿದ. "ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ಅಣ್ಣಾ. ನಾನು ನೋಡಲ್ಲ."

"ಅಡ್ಡ ಎಳೀಬೇಡ," ಎಂದ ಡ್ರೈವರ್. "ಹೋರಿ ಕೊಂಬು ಕೆಳಗಿಂದ ಮೇಲಕ್ಕೆ ಹೋಗತ್ತೆ. ಬರ್ಲಿ, ಇನ್ನೂ ಬರ್ಲಿ."

"ಮೂರು ಗೀರು ಯಾಕೆ ಮಗಾ?" ಎಂದಳು ಅಜ್ಜಿ. "ಮೂರು ಕೊಂಬಿನ ಹೋರಿ ಎಲ್ಲಿದೆ? ಎರಡು ಸಾಕು."

ಕಂಪೌಂಡರ್ ಹಲ್ಲಿನ ನಡುವೆ ನಾಲಗೆ ಕಚ್ಚಿ ಎರಡನೆಯ ಗೀರನ್ನು ಆಳಗೊಳಿಸುತ್ತಿದ್ದಾಗ ಪಕ್ಕದಲ್ಲಿ ಯಾರದೋ ಪಾಲಿಶ್ ಮಾಡಿದ ಬೂಟು ಕಂಡಿತು. ತಲೆ ಎತ್ತಿದ. ಮೇಲಧಿಕಾರಿ, ಕಂಕುಳಲ್ಲಿ ಫೈಲು.

ಅದೇ ಹೊತ್ತಿಗೆ ಟವೆಲ್ಲಿನಲ್ಲಿ ಕೈ ಒರೆಸುತ್ತ ಬಂದ ಡಾಕ್ಟರು ಬಾಗಿಲಲ್ಲೇ ನಿಂತರು. ಅಧಿಕಾರಿಯನ್ನು ನೋಡಿದರು, ಚಾಕುವನ್ನು ನೋಡಿದರು. ಒಂದೊಂದೇ ಬೆರಳನ್ನು ಬಿಡಿಸಿ ಒರೆಸಿಕೊಂಡರು.

"ಸಿಕ್ಕಿಬಿದ್ದ ನೋಡಿ ಸಾರ್. ಪಾಪ, ಇಷ್ಟು ದಿನ ನಾನು ಆ ಹೋರಿ ಮೇಲೆ ಅನುಮಾನ ಪಟ್ಟಿದ್ದೆ."

ಅಧಿಕಾರಿ ಫೈಲು ಬಿಚ್ಚಿ 'ಹೋರಿ' ಎಂದಿದ್ದಲ್ಲಿ ಗೀಟು ಹೊಡೆದು ಮೇಲೆ 'ಕಂಪೌಂಡರ್' ಎಂದು ಬರೆದರು. "ಯಾಕಯ್ಯಾ ಹೀಗೆ ಮಾಡ್ದೆ?"

ಕಂಪೌಂಡರ್ ಡಾಕ್ಟರ ಕಡೆ ನೋಡಿದ. ಅವರು ಅಂಗಿಜೇಬನ್ನು ಮೆಲ್ಲಗೆ ತಟ್ಟಿಕೊಂಡರು. ಅವನಿಗೆ ಅರ್ಥವಾಯಿತು. ಒಪ್ಪಿಕೊಂಡರೆ ಅರ್ಜಿ ಉಳಿಯುತ್ತದೆ.

"ಸಿಟ್ಟು ಬಂದಿತ್ತು ಸಾರ್," ಎಂದ, ನೆಲ ನೋಡುತ್ತ. "ಊರಿಗೆ ವರ್ಗ ಆಗ್ಲಿಲ್ಲ ಅಂತ."

ಡಾಕ್ಟರು ಕೊಟ್ಟ ಮಾತಿಗೆ ತಪ್ಪಲಿಲ್ಲ. ತಕ್ಷಣ ಅರ್ಜಿ ತೆಗೆದು ಕೊಟ್ಟರು. ಅಧಿಕಾರಿ ಓದಿ, ಮತ್ತೆ ಬಂಪರನ್ನು ನೋಡಿ, ಅರ್ಜಿಯ ಅಂಚಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು.

"ಆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ ಕಾರು ಹೊಸದು," ಎಂದರು. "ಇವನು ಇಲ್ಲೇ ಇರ್ಲಿ. ರಿಟೈರ್ ಆಗೋ ತನಕ."