ಕಾರ್ಡು ಕಡಲ ಮೇಲೆ

ಕ್ರಿಸಾಂತೊನ ಕೆನಡಾದ ಕಾಯಂ ನಿವಾಸಿ ಕಾರ್ಡು ಹಳೇ ಕೋಟಿನ ಒಳಜೇಬಿನಲ್ಲಿತ್ತು. ಆ ಕೋಟನ್ನು ಹೆಂಡತಿ ಲಿಗಾಯಾ ಸೋಪು, ಟೂತ್‌ಪೇಸ್ಟುಗಳ ಜೊತೆ ದೊಡ್ಡ ಪೆಟ್ಟಿಗೆಗೆ ತುರುಕಿ ಹೋದ ವಾರವೇ ಫಿಲಿಪ್ಪೀನ್ಸಿನ ನೆಂಟರಿಗೆ ಹಡಗಿನಲ್ಲಿ ಕಳಿಸಿದ್ದಳು. ಇದು ಅವನಿಗೆ ಹೊಳೆದದ್ದು ಗಡಿಯಾಚೆ, ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ, ಮಧ್ಯಾಹ್ನ ಎರಡಕ್ಕೆ, ವಿನಿಪೆಗ್‌ಗೆ ಮರಳುವ ಬಸ್ಸಿನ ಮೆಟ್ಟಿಲ ಮೇಲೆ. ಬೆಳಿಗ್ಗೆ ಬರುವಾಗ ವೀಸಾ ಕೇಳಿದ್ದರೇ ಹೊರತು ಕಾರ್ಡನ್ನು ಯಾರೂ ಕೇಳಿರಲಿಲ್ಲ.

"ಕಾರ್ಡಿಲ್ದೆ ಕೆನಡಾಕ್ಕೆ ಬಸ್ಸಲ್ಲಿ ಕರ್ಕೊಂಡು ಹೋಗೋ ಹಾಗಿಲ್ಲ ಸ್ವಾಮಿ," ಎಂದ ಡ್ರೈವರ್. "ಯಾರದಾದ್ರೂ ಸ್ವಂತ ಕಾರಲ್ಲಿ ಬನ್ನಿ. ಗಡೀಲಿ ವಿಚಾರಿಸಿ ಬಿಡ್ತಾರೆ."

ಬಸ್ಸು ಹೋಯಿತು. ಆಗಷ್ಟೇ ಕೊಂಡ ಹೊಸ ಶೂ ಹಾಕಿಕೊಂಡು ಕ್ರಿಸಾಂತೊ ಶೂ ಅಂಗಡಿಯ ಮುಂದೆ ನಿಂತ. ಸಂಜೆ ಆರಕ್ಕೆ ವಿನಿಪೆಗ್‌ನ ಪಾರ್ಟಿ ಹಾಲ್‌ನಲ್ಲಿ ಮಗಳು ಮಾಯುಮಿಯ ಹದಿನೆಂಟನೇ ಹುಟ್ಟುಹಬ್ಬ. ಫಿಲಿಪ್ಪೀನ್ಸಿನ ಪದ್ಧತಿಯಂತೆ ಹದಿನೆಂಟು ಗಂಡಸರು ಒಂದೊಂದು ಗುಲಾಬಿ ಕೊಟ್ಟು ಅವಳ ಜೊತೆ ಕುಣಿಯಬೇಕು. ಕೊನೆಯ ಗುಲಾಬಿ ಅಪ್ಪನದು. ಆ ಕುಣಿತಕ್ಕೆಂದೇ ಈ ಶೂ.

ಹೆಂಡತಿಗೆ ಫೋನು ಮಾಡಿದ.

"ನನ್ನ ಕಾರ್ಡ್ ಸದಾ ನನ್ನ ಪರ್ಸಲ್ಲೇ ಇರುತ್ತೆ. ನಿಮ್ಮ ಹಾಗಾ ನಾನು?" ಎಂದಳು ಲಿಗಾಯಾ. "ಇಡಿ ಫೋನು, ಏನಾದ್ರೂ ಮಾಡ್ತೀನಿ."

ಅವಳು ಮಾಡಿದ ಮೊದಲ ಕೆಲಸ, ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದ್ದು. ಒಬ್ಬರಾದ ಮೇಲೊಬ್ಬರು ಅವನಿಗೆ ಫೋನು ಮಾಡತೊಡಗಿದರು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಹರಕೆ ಹೊರು ಎಂದರು ಒಬ್ಬರು. ಹಡಗಿನ ಕ್ಯಾಪ್ಟನ್ ನಂಬರ್ ಇದ್ಯಾ ಎಂದು ಕೇಳಿದ ಇನ್ನೊಬ್ಬ. ಹನ್ನೊಂದನೇ ಉಪದೇಶಕ್ಕೆ ಬ್ಯಾಟರಿ ಸತ್ತಿತು. ಹೆಂಡತಿಯ ನಂಬರು ಅವನಿಗೆ ಬಾಯಿಪಾಠವಿರಲಿಲ್ಲ.

ಶೂ ಕೊಳ್ಳಲು ಬಂದಿದ್ದ ವಿನಿಪೆಗ್‌ನ ಮುದುಕಿ ಸಿಗ್ರುನ್ ಅವನ ಮುಖ ನೋಡಿ, ಕತೆ ಕೇಳಿ ಮರುಗಿದಳು. "ಹತ್ತಪ್ಪಾ ಕಾರು. ಮಗಳ ಕುಣಿತ ತಪ್ಪಬಾರದು."

ದಾರಿಯಲ್ಲಿ ಬಲೂನು ಕಟ್ಟಿದ ವ್ಯಾನೊಂದು ಎದುರಿನಿಂದ ಬಂದು ಸರ್ರನೆ ಹೋಯಿತು.

"ಯಾರದೋ ಮನೇಲೂ ಇವತ್ತು ಹಬ್ಬ," ಎಂದು ಕ್ರಿಸಾಂತೊ ಸಂತೋಷದಿಂದ ಕೈ ಬೀಸಿದ.

ಗಡಿಯ ಅಧಿಕಾರಿ ಪಾಸ್‌ಪೋರ್ಟ್ ನೋಡಿ, ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, "ಹೊಸ ಕಾರ್ಡಿಗೆ ಅರ್ಜಿ ಹಾಕಿ," ಎಂದು ಬಿಟ್ಟುಬಿಟ್ಟ. ಐದೂವರೆಗೆ ಕ್ರಿಸಾಂತೊ ಹಾಲ್‌ನ ಬಾಗಿಲು ತಳ್ಳಿದ.

ಒಳಗೆ ಒಂದು ನರಪಿಳ್ಳೆಯಿಲ್ಲ. ಸುಟ್ಟ ಇಡೀ ಹಂದಿಯನ್ನು ಕಾಯುತ್ತ ಚೋಲೆಂಗ್ ಅತ್ತೆ ಒಬ್ಬಳೇ ಕೂತಿದ್ದಳು.

"ಅಯ್ಯೋ, ಬಂದುಬಿಟ್ಯಾ! ಅಪ್ಪ ಇಲ್ದೆ ಕುಣಿಯಲ್ಲ ಅಂತ ಹುಡುಗಿ ಹಟ ಹಿಡಿದ್ಲು. ಜನ ತರೋಕೆ ಬಾಡಿಗೆಗೆ ಹಿಡಿದಿದ್ದ ಬಲೂನಿನ ವ್ಯಾನಲ್ಲೇ ಎಲ್ಲಾ ನಿನ್ನ ಕರ್ಕೊಂಡು ಬರೋಕೆ ಹೋದ್ರು."

ಅತ್ತೆಯ ಫೋನು ಹೊಡೆದುಕೊಂಡಿತು. ಲಿಗಾಯಾ.

"ನಾನು ಹಾಲ್‌ನಲ್ಲಿದೀನಿ ಕಣೇ. ಬೇಗ ವಾಪಸ್ ಬನ್ನಿ," ಎಂದ ಕ್ರಿಸಾಂತೊ.

ಲಿಗಾಯಾ ದನಿ ತಗ್ಗಿಸಿದಳು.

"ಶೂ ಅಂಗಡಿ ಹತ್ರ ಬಂದಿದೀವಿ. ಬಾಡಿಗೆ ವ್ಯಾನ್ ಅಲ್ವಾ... ವಾಪಸ್ ಕರ್ಕೊಂಡು ಬರೋಕೆ ಡ್ರೈವರ್ ಕಾರ್ಡ್ ಕೇಳ್ತಿದಾನೆ."

"ಸದಾ ಪರ್ಸಲ್ಲೇ ಇರುತ್ತಲ್ಲ?"

"ಪರ್ಸಲ್ಲೇ ಇದೆ ಕಣ್ರೀ. ಪರ್ಸು ಮನೇಲಿದೆ. ಗೌನಿಗೆ ಹೊಂದಲ್ಲ ಅಂತ ಜರಿ ಪರ್ಸಿಗೆ ಬರೀ ಪಾಸ್‌ಪೋರ್ಟ್ ಹಾಕ್ಕೊಂಡು ಬಂದೆ."

ಮಾಯುಮಿ ಫೋನು ಕಿತ್ತುಕೊಂಡಳು. "ಅಪ್ಪಾ, ಅಮ್ಮನ್ನ ಬಿಟ್ಟು ನಾನೂ ಬರಲ್ಲ. ಅಲ್ಲೇ ನಿಂತಿರೋ ನಮ್ಮ ಕಾರ್ ತಗೊಂಡು ಬಂದ್ಬಿಡಿ. ಶೂ ಅಂಗಡಿ ಮುಂದೇನೇ ಕುಣಿಯೋಣ. ಗುಲಾಬಿ ಮರೀಬೇಡಿ."

ಅವನಿಗೆ ನಗು, ಅಳು ಒಟ್ಟಿಗೇ ಬಂತು. ಮೇಜಿನ ಮೇಲಿದ್ದ ಗುಲಾಬಿಯನ್ನೂ ಕಾರಿನ ಕೀಲಿಯನ್ನೂ ಎತ್ತಿಕೊಂಡು ಓಡಿದ.

"ಏಯ್, ಕಾರ್ಡ್ ತಗೊಂಡ್ಯೇನೋ?" ಎಂದು ಅತ್ತೆ ಹಿಂದಿನಿಂದ ಕೂಗಿದಳು.

"ಅದು ಇನ್ನೂ ಸಮುದ್ರದ ಮೇಲಿದೆ ಅತ್ತೆ," ಎನ್ನುತ್ತ ಕ್ರಿಸಾಂತೊ ಮತ್ತೆ ಗಡಿಯ ಕಡೆಗೆ ಹೊರಟ.