ತಂಗಿ ಮನೆಯ ಏರು ಮತ್ತು ನನ್ನ ಜಾರದ ಕಾರು

ಮಳೆಗಾಲ ಶುರುವಾಯಿತೆಂದರೆ ನನ್ನ ಮಾನ ಜಾರಲು ಶುರುವಾಗುತ್ತದೆ. ಬೇರೆಯವರಿಗೆ ಇಂಥದ್ದು ಅಪರೂಪಕ್ಕೊಮ್ಮೆ ಆಗುತ್ತದೆ, ನನಗೆ ಮಾತ್ರ ಪಾಳಿ ಹಚ್ಚಿದ ಹಾಗೆ ಆಗುತ್ತಲೇ ಇರುತ್ತದೆ. ಇದರಲ್ಲಿ ನಗುವವರಿಗೆ ಹೆಚ್ಚು ಅನುಕೂಲವಾಗಲೆಂದು ದೇವರು ನನಗೆ ಕೊಟ್ಟ ಕೆಲಸ ಹಳಿಯಾಳದಲ್ಲಿ ಜನರಿಗೆ ಕಾರು ನಡೆಸಲು ಕಲಿಸುವುದು.

ಈಚೆಗೆ ಹೊಸ ಕಾರು ತಗೊಂಡೆ. ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಒದ್ದೆ ನೆಲದಲ್ಲಿ ಗಾಲಿ ಹಿಡಿತ ತಪ್ಪಿ ಗಿರಗಿರ ತಿರುಗತೊಡಗಿದರೆ ಅದು ತಾನೇ ಗಾಲಿಯನ್ನು ಹಿಡಿದು, ಇಂಜಿನ್ನಿನ ಜೋರು ತಗ್ಗಿಸಿ, ಕಾರು ಜಾರದಂತೆ ನೋಡಿಕೊಳ್ಳುತ್ತದಂತೆ. ಮಾರಿದವನು ಇದನ್ನು ನನಗೆ ಹೇಳಿದ್ದು ಒಂದೇ ಸಲ. ನಾನು ತೇರಗಾಂವದ ನಮ್ಮ ಓಣಿಯಲ್ಲಿ ಹೇಳಿದ್ದಕ್ಕೆ ಲೆಕ್ಕವಿಲ್ಲ. ಆ ಮಾತು ಹಾದಿ ಹಿಡಿದು ಹೋಗಿ ನನ್ನ ತಂಗಿಯ ಕಿವಿಗೂ ಬಿತ್ತು.

ತಂಗಿಯನ್ನು ಕೊಟ್ಟಿದ್ದು ದಾಂಡೇಲಿ ದಾಟಿ ಜೋಯಿಡಾ ಕಡೆಗೆ. ಅವಳ ಗಂಡನ ಮನೆ ಗುಡ್ಡದ ನೆತ್ತಿಯ ಮೇಲಿದೆ. ಡಾಂಬರು ಕೆಳಗೇ ಮುಗಿಯುತ್ತದೆ. ಅಲ್ಲಿಂದ ಬಾಗಿಲವರೆಗೆ ಕೆಂಪು ಮಣ್ಣಿನ ಕಡಿದಾದ ಏರು. ನಮ್ಮಲ್ಲಿ ನಾಗರ ಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಪಂಚಮಿ ಬರುವುದೋ ಶ್ರಾವಣದ ಜಡಿಮಳೆಯಲ್ಲಿ. ಇಷ್ಟು ವರ್ಷ ನಾನು ಬಸ್ಸಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಏರು ಹತ್ತಿ, ಅವಳ ಚೀಲ ಹೊತ್ತು ಇಳಿಯುತ್ತಿದ್ದೆ. ಯಾರ ತಕರಾರೂ ಇರಲಿಲ್ಲ. ಹೋದ ವರ್ಷ ಅವಳ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಅಣ್ಣ ಜೀಪು ತಂದು ನೇರ ಹೊಸ್ತಿಲ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದನಂತೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

"ಅಣ್ಣಾ, ಈ ಸಲ ನಿನ್ನ ಕಾರ್ ಬಾಗಲಿಗೆ ಬರಬೇಕ ನೋಡು," ಅಂತ ಫೋನ್ ಬಂತು. "ಕೆಳಗ ನಿಲ್ಲಿಸಿ ನಡಕೊಂತ ಬಂದ್ರ ನಾ ಪಂಚಮಿಗೆ ಬರೂದ ಇಲ್ಲ. ವರ್ಷಾನುಗಟ್ಟಲೆ ಆಕಿ ಚುಚ್ಚುಮಾತ ಕೇಳಾಕ ನನ್ನ ಕೈಲೆ ಆಗೂದಿಲ್ಲ."

"ಅಲ್ಲವಾ, ಆ ಏರಿನ್ಯಾಗ ರಾಡಿ ಇರತೈತಿ..."

"ಜಾರೂದಿಲ್ಲ ಅಂತ ಊರಿಗೆಲ್ಲ ಹೇಳೀಯಂತಲ್ಲ!"

ಬಾಗಿಲಿಗೇ ತರುತ್ತೇನೆಂದು ಒಪ್ಪಿಕೊಂಡು ಫೋನ್ ಇಟ್ಟೆ. ಇತ್ತ ನನ್ನ ಹೆಂಡತಿಗೆ ಮುಂಡಗೋಡದ ಹತ್ತಿರ ಸನವಳ್ಳಿಯಲ್ಲಿ ತವರು. ನಾದಿನಿ ಮನೆಗೆ ಬಂದು ಮುಟ್ಟುವವರೆಗೆ ಅವಳು ತನ್ನ ತವರಿಗೆ ಹೊರಡುವಂತಿಲ್ಲ. ಅವಳು ಚೀಲ ಕಟ್ಟಿಕೊಂಡು ದಿನಾ ನನ್ನ ಮುಖ ನೋಡತೊಡಗಿದಳು. ಎರಡು ತವರುಗಳ ಭಾರ ನನ್ನ ಮುಂದಿನ ಎರಡು ಗಾಲಿಗಳ ಮೇಲೆ ಬಿತ್ತು.

ಹಾವಿನ ದೀಪ

ಮೊದಲು ಊರಲ್ಲೇ ಒಂದು ಪರೀಕ್ಷೆ ಮಾಡೋಣವೆಂದು ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಯ ಹತ್ತಿರದ ಒದ್ದೆ ದಿಬ್ಬಕ್ಕೆ ಹೋದೆ. ಗಾಲಿ ಜಾರಿತು. ಎದುರಿನ ಮೀಟರಿನಲ್ಲಿ ಹಳದಿ ದೀಪವೊಂದು ಮಿಣಮಿಣ ಅಂದಿತು. ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಆ ದೀಪವೇ ಸಾಕ್ಷಿ. ಒಂದು ಸಣ್ಣ ಕಾರಿನ ಚಿತ್ರ, ಅದರ ಕೆಳಗೆ ಡೊಂಕುಡೊಂಕಾದ ಎರಡು ಗೆರೆ.

ಅವ್ವ ಬಗ್ಗಿ ನೋಡಿ ಎದೆ ಹಿಡಿದುಕೊಂಡಳು. "ತಮ್ಮಾ, ಕಾರಿಗೆ ಎರಡು ಹಾವ ಬೆನ್ನ ಹತ್ಯಾವೋ!"

"ಹಾವಲ್ಲಬೇ, ಅದು ಗಾಲಿ ಗುರುತು. ನೆಲದ ಮ್ಯಾಲ ಹಾವಸಿ ಇದ್ರ ಹಂಗ ಹತ್ತತೈತಿ."

ಹಾವಸಿ ಅಂದರೆ ಪಾಚಿ. ಆದರೆ ಅವ್ವನಿಗೆ ಆ ಮಾತಿನ ಮೊದಲೆರಡು ಅಕ್ಷರವೇ ಸಾಕಾಯಿತು.

"ನೋಡು, ಹಾವ ಅಂತ ನೀನ ಅಂದಿ! ಪಂಚಮಿ ಮುಂದ ಬಂದೈತಿ, ನಾಗಪ್ಪ ತಾನ ಬಂದು ಹಾಲ ಕೇಳಾಕತ್ತಾನ."

ಮನೆಗೆ ಬಂದು ನಾನು ಕೈಕಾಲು ತೊಳೆಯುವಷ್ಟರಲ್ಲಿ ಅವ್ವ ಬಟ್ಟಲ ತುಂಬ ಹಾಲು ತಂದು ಮೀಟರಿನ ಮೇಲೆ ಎರೆದು ಕೈಮುಗಿದು ನಿಂತಿದ್ದಳು. ನಿಂತ ಕಾರಿನಲ್ಲಿ ದೀಪ ಹತ್ತುವುದಾದರೂ ಹೇಗೆ? "ಶಾಂತ ಆದ ನೋಡು," ಅಂದಳು. ಹಾಲು ಸಂದಿಗೊಂದಿಗಳಲ್ಲೆಲ್ಲ ಇಳಿದು ಅಲ್ಲೇ ಮೊಸರಾಯಿತು. ಅಂದಿನಿಂದ ನನ್ನ ಕಾರು ಹತ್ತಿದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಬೆಲ್ಟ್ ಹಾಕಿಕೊಳ್ಳುವುದು ಆಮೇಲೆ.

ಒತ್ತುವ ಗುಂಡಿ

ಮುಂದಿನ ಭಾನುವಾರ ಹೆಂಡತಿಯನ್ನು ಕರೆದುಕೊಂಡು ತಂಗಿಯ ಊರಿಗೇ ಹೋದೆ. ಪಂಚಮಿಗೆ ಇನ್ನೂ ಸಮಯವಿತ್ತು. ಯಾರಿಗೂ ಹೇಳದೆ ಒಮ್ಮೆ ಏರು ಹತ್ತಿ ನೋಡಿ ಬರುವುದು ನನ್ನ ಲೆಕ್ಕಾಚಾರ.

ಅರ್ಧ ಏರಿನಲ್ಲಿ ಕಾರು ನಿಂತಿತು. ಗಾಲಿ ತಿರುಗಲು ಹೋಗುತ್ತದೆ, ಒಳಗಿನ ಯಂತ್ರ ಅದನ್ನು ಹಿಡಿದು ನಿಲ್ಲಿಸುತ್ತದೆ. ನಾನು ಕಾಲು ಒತ್ತಿದಷ್ಟೂ ಇಂಜಿನ್ ದನಿ ತಗ್ಗಿಸುತ್ತದೆ. ಯಾರಿಗೆ ಬೈಯಬೇಕೆಂದು ತಿಳಿಯದೆ ಕೂತಿದ್ದಾಗ ಹೆಂಡತಿ ಒಂದು ಗುಂಡಿ ಹುಡುಕಿದಳು.

"ಏನ್ರೀ, ಇದರ ಮ್ಯಾಲ ಜಾರೂ ಕಾರಿನ ಚಿತ್ರ ಐತಿ. ನಮ್ಮದೂ ಜಾರಾಕತ್ತೈತಿ. ಇದನ್ನ ಒತ್ತೂದು ನೋಡ್ರಿ!"

ನಾನು ಬೇಡ ಅನ್ನುವುದರೊಳಗೆ ಒತ್ತಿಯಾಗಿತ್ತು. ಗಾಲಿಗಳು ಹಗ್ಗ ಬಿಚ್ಚಿದ ಹೋರಿಗಳಾದವು. ಕೆಂಪು ರಾಡಿ ಕಿಟಕಿಯೆತ್ತರಕ್ಕೆ ಹಾರಿತು. ಕಾರು ಸೊಂಟ ತಿರುಗಿಸುತ್ತ ಹಿಂದಕ್ಕೆ ಇಳಿಯಿತು.

"ಅದು ಆಫ್ ಮಾಡೂ ಗುಂಡಿ!" ಅಂತ ನಾನು ಕಿರುಚಿದೆ.

"ಹೌದ್ರಿ, ಅದಕ್ಕ ಒತ್ತೀನಿ," ಅಂದಳು ಹೆಂಡತಿ. "ಜಾರೂದನ್ನ ಆಫ್ ಮಾಡೇನಿ."

ಬಾನೆಟ್ಟಿನ ಮೇಲಿನ ಯಜಮಾನರು

ಅಷ್ಟರಲ್ಲಿ ಏರಿನ ಬುಡದಲ್ಲಿ ಜನ ಸೇರಿದ್ದರು. ಮಳೆಯಲ್ಲಿ ಸಿಕ್ಕಿಬಿದ್ದ ಕಾರಿಗೆ ಸಲಹೆ ಕೊಡುವುದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ. ಒಬ್ಬರು ಕಲ್ಲು ಹಾಕಿ ಅಂದರು, ಒಬ್ಬರು ಗೋಣಿಚೀಲ ತಂದು ಗಾಲಿಯ ಕೆಳಗೆ ತುರುಕಿದರು. ಗಾಲಿ ಒಂದು ಸುತ್ತು ತಿರುಗಿ ಆ ಚೀಲವನ್ನು ತಂದವರ ಮುಖಕ್ಕೇ ವಾಪಸು ಮಾಡಿತು.

ಆಗ ಕೆಳಗಿನ ಕಿರಾಣಿ ಅಂಗಡಿಯ ಯಜಮಾನರು ಮುಂದೆ ಬಂದರು. ಭಾರೀ ದೇಹ. "ಮುಂದಿನ ಗಾಲಿಗೆ ವಜ್ಜಿ ಬೇಕ್ರಿ. ನಾ ಕುಂಡ್ರತೇನಿ," ಅಂದವರೇ ಬಾನೆಟ್ ಏರಿ ಕೂತರು. ಭಾರ ಬಿದ್ದದ್ದೇನೋ ನಿಜ, ಕಾರು ಮೆಲ್ಲಗೆ ಏರತೊಡಗಿತು. ನನಗೆ ಅಳುವಷ್ಟು ಸಂತೋಷವಾಯಿತು. ಆದರೆ ಗಾಜಿನ ತುಂಬ ಅವರ ಅಂಗಿಯ ಗುಂಡಿಗಳ ಹೊರತು ಬೇರೇನೂ ಕಾಣಿಸದು.

ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ. "ಯಜಮಾನರ, ಹಾದಿ ಎತ್ತಾಗ ಹೊಳ್ಳತೈತ್ರಿ?"

"ನನಗೇನ್ ಗೊತ್ತು? ನಾ ನಿಮ್ಮ ಕಡೆ ಮಾರಿ ಮಾಡಿ ಕುಂತೇನಿ!"

ಇಬ್ಬರಿಗೂ ಹಾದಿ ಕಾಣದ್ದರಿಂದ ಕಾರು ತನಗೆ ತಿಳಿದ ಕಡೆ ಹೋಯಿತು. ಚರಂಡಿಯಿಂದ ನಮ್ಮನ್ನು ಎತ್ತಿದವರು ಯಜಮಾನರಿಗೆ ಪೆಟ್ಟಾಗಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ.

ಪಾಠ

ಸುದ್ದಿ ನನಗಿಂತ ಮುಂಚೆ ಹಳಿಯಾಳ ಮುಟ್ಟಿತ್ತು. ಮರುದಿನ ನನ್ನ ಹತ್ತಿರ ಕಾರು ಕಲಿಯುವ ಟೀಚರೊಬ್ಬರು ಬಹಳ ವಿನಯದಿಂದ ಕೇಳಿದರು. "ಸರ, ಏರಿನ್ಯಾಗ ಗಾಡಿ ಜಾರಾಕತ್ತಿದ್ರ ಏನ್ ಮಾಡಬೇಕ್ರಿ?"

"ಗಾಬರಿ ಆಗಬಾರದು. ಸಣ್ಣ ಗೇರಿನ್ಯಾಗ, ಕಾಲ ಹಗುರ ಇಟ್ಟು, ಸ್ಟೇರಿಂಗ್ ನೆಟ್ಟಗ ಹಿಡೀಬೇಕ್ರಿ."

"ಹಂಗ ಮಾಡಿದ್ರ ಏರಿ ಹೋಗತೈತೇನ್ರಿ?"

ನಾನು ಸುಳ್ಳು ಹೇಳುವವನಲ್ಲ. "ಇಲ್ರಿ," ಅಂದೆ.

ಬೆನ್ನು ತೋರಿಸಿದ್ದು

ಪಂಚಮಿಯ ಹಿಂದಿನ ದಿನ ಬಂದೇಬಿಟ್ಟಿತು. ಬೆಳಗಿನಿಂದ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಏರಿನ ಬುಡದಲ್ಲಿ ಕಾರು ನಿಲ್ಲಿಸಿ ಮೇಲೆ ನೋಡಿದೆ. ಮೇಲೆ ತಂಗಿ ಹೊಸ ಸೀರೆಯುಟ್ಟು ಕಾಯುತ್ತಿರುತ್ತಾಳೆ. ನಾನು ನಡೆದು ಹೋದರೆ ಅವಳು ಬರುವುದಿಲ್ಲ, ಅವಳು ಬರದಿದ್ದರೆ ಅವ್ವ ಅನ್ನ ಮುಟ್ಟುವುದಿಲ್ಲ.

"ನನ್ನ ಕೈಲೆ ಆಗೂದಿಲ್ಲ," ಅಂದೆ ಹೆಂಡತಿಗೆ. "ಕಾರ್ ಮೊದಲು ದಾಂಡೇಲಿ ಕಡೆ ಹೊಳ್ಳಿಸಿ ನಿಲ್ಲಸ್ತೇನಿ. ಆಮ್ಯಾಲ ನಡಕೊಂತ ಹೋಗಿ ಆಕಿ ಕಾಲ ಹಿಡೀತೇನಿ."

ತಿರುಗಿಸಲು ರಿವರ್ಸ್ ಹಾಕಿ ಕಾರಿನ ಹಿಂಭಾಗವನ್ನು ಏರಿನ ಬಾಯಿಗೆ ಸೇರಿಸಿದೆ. ಕಾರು ಹಿಂದೆ ಹೋಯಿತು. ಇನ್ನೂ ಹೋಯಿತು. ನಿಲ್ಲುವ ಲಕ್ಷಣವೇ ಇಲ್ಲ.

"ಏನ್ರೀ, ಏರಾಕತ್ತೈತಿ!" ಅಂದಳು ಹೆಂಡತಿ.

"ಸುಮ್ನಿರು, ಕಾರಿಗೆ ಗೊತ್ತಾದೀತು," ಅಂದೆ.

ನನ್ನ ಕಾರಿನಲ್ಲಿ ಇಂಜಿನ್ ಇರುವುದೂ ಮುಂದೆ, ತಿರುಗುವ ಗಾಲಿ ಇರುವುದೂ ಮುಂದೆ. ಹಿಮ್ಮುಖವಾಗಿ ಏರಿದರೆ ಮುಂಭಾಗ ಇಳಿಜಾರಿನ ಕಡೆ ಬಂದು ಭಾರವೆಲ್ಲ ಆ ಗಾಲಿಗಳ ಮೇಲೆ ಕೂರುತ್ತದೆ, ಹಿಡಿತ ಸಿಗುತ್ತದೆ. ಇದೆಲ್ಲ ಹೊಳೆದದ್ದು ಆಮೇಲೆ. ಆಗ ನಾನು ಕುತ್ತಿಗೆ ಪೂರ್ತಿ ಎಡಕ್ಕೆ ತಿರುಚಿ, ಹಿಂದಿನ ಗಾಜು ನೋಡುತ್ತ, ಉಸಿರು ಬಿಗಿಹಿಡಿದು ಹೋಗುತ್ತಲೇ ಇದ್ದೆ. ಕಾರಿನ ಹಿಂಭಾಗ ಹೋಗಿ ಹೊಸ್ತಿಲ ಮುಂದೆ ನಿಂತಿತು.

ಮನೆಯವರೆಲ್ಲ ಹೊರಗೆ ಬಂದರು. ತಂಗಿಯ ಮುಖ ಕೆಂಪಾಗಿತ್ತು. "ಅಣ್ಣಾ, ಕರಿಯಾಕ ಬಂದು ಬಾಗಲಿಗೆ ಬೆನ್ನ ತೋರಸ್ತಿಯೇನು? ಬಂದ ಕ್ಷಣಾನ ಹೊಂಟ ನಿಂತೀ? ಹೊಳ್ಳಿ ಕೆಳಗ ಹೋಗಿ ಮಾರಿ ಮುಂದ ಮಾಡಿ ಬಾ!"

ನೆಗೆಣ್ಣಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಕೆಳಗಿಳಿದೆ. ಕುತ್ತಿಗೆ ಮಾತ್ರ ಎಡಕ್ಕೇ ನಿಂತುಬಿಟ್ಟಿತ್ತು. ನಾನು ಮಾತಾಡುತ್ತಿದ್ದುದು ತಂಗಿಯ ಜೊತೆ, ಮುಖ ಇದ್ದದ್ದು ದನದ ಕೊಟ್ಟಿಗೆಯ ಕಡೆ.

"ನನ್ನ ಮಾರಿ ನೋಡಿ ಮಾತಾಡು!" ಅಂದಳು ತಂಗಿ.

"ಆಗವಲ್ದವಾ. ಕುತ್ತಿಗಿ ಹಿಡದೈತಿ. ಮಾರಿ ಮುಂದ ಮಾಡಿ ಈ ಏರ ಹತ್ತಾಕ ನನ್ನ ಹಣ್ಯಾಗ ಬರದಿಲ್ಲ."

ಅಷ್ಟರಲ್ಲಿ ಅವಳ ಅತ್ತೆ ಮುಂದೆ ಬಂದರು. "ಏ ಹುಚ್ಚಿ, ಕಾರಿನ ಡಿಕ್ಕಿ ಬಂದು ಹೊಸ್ತಿಲಕ್ಕ ಹತ್ತೈತಿ. ತವರಿಗೆ ಒಯ್ಯೂ ಪಂಚಮಿ ಉಂಡಿ ಡಬ್ಬಿ ಹೊರೂದು ತಪ್ಪಿತು. ಜೀಪಿನಾಂವ ಇಷ್ಟ ಮಾಡಿದ್ನೇನು?"

ನೆಗೆಣ್ಣಿಯ ನಗು ನಿಂತಿತು. ತಂಗಿ ಮೆಟ್ಟಿಲಿಳಿದು, ಮಳೆಯಲ್ಲೇ ಸುತ್ತು ಹಾಕಿ, ಕೊಟ್ಟಿಗೆಯ ಮುಂದೆ ನನ್ನ ಮುಖ ಇದ್ದ ಕಡೆ ಬಂದು ನಿಂತಳು. "ಈಗ ಕರಿ," ಅಂದಳು. "ಪಂಚಮಿಗೆ ಬಾರವಾ," ಅಂದೆ. ಅವಳಿಗೂ ಅಳು ಬಂತು, ನನಗೂ ಬಂತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಇಳಿಯಬೇಕಲ್ಲ. ಗಾಲಿ ಸುಮ್ಮನೆ ತಿರುಗದಂತೆ ಹಿಡಿಯಲು ಯಂತ್ರವಿದೆ ನಿಜ, ಗುಡ್ಡವೇ ಕೆಳಕ್ಕೆ ಎಳೆದರೆ ಅದಾದರೂ ಏನು ಮಾಡೀತು? ಓರೆಗಣ್ಣಿನಲ್ಲಿ ಹಾದಿ ನೋಡುತ್ತ ಮೊದಲ ಗೇರಿನಲ್ಲಿ ಇಳಿಸಿದರೂ ಕಾರು ಜಾರಬಂಡಿಯ ಮೇಲೆ ಕೂತಂತೆ ಜಾರತೊಡಗಿತು. ಹೆಂಡತಿ ಸನವಳ್ಳಿಯ ದೇವರುಗಳನ್ನೆಲ್ಲ ಕರೆದಳು. ಹಿಂದೆ ಕೂತ ತಂಗಿ ಮಾತ್ರ ಕಿಟಕಿಯಿಂದ ಮನೆಯ ಕಡೆ ಕೈಚಾಚಿ ಗುಡ್ಡವೆಲ್ಲ ಕೇಳುವಂತೆ ಕಿರುಚಿದಳು. "ಅತ್ತೀ! ನನ್ನ ಕಳಸಬ್ಯಾಡ್ರೀ ಅತ್ತೀ! ನಾ ನಿಮ್ಮ ಹತ್ರಾನ ಇರ್ತೇನ್ರೀ!"

ಕಾರು ಕೆಳಗಿನ ರಾಡಿಯಲ್ಲಿ ಮೆತ್ತಗೆ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾವು ಸುಧಾರಿಸಿಕೊಳ್ಳುವಷ್ಟರಲ್ಲಿ ತಂಗಿಯ ಫೋನ್ ರಿಂಗಾಯಿತು. ಅತ್ತೆಯದು. ಬಿಕ್ಕಿಬಿಕ್ಕಿ ಅಳುವ ದನಿ ನನಗೂ ಕೇಳಿಸಿತು.

"ಅಳಬ್ಯಾಡ ನನ್ನವ್ವಾ, ನಾಲ್ಕ ದಿನದ ಮಾತು. ತವರಿಗೆ ಹೊಂಟಾಗ ಅತ್ತಿ ಹೆಸರ ಹಿಡದು ಅಳೂ ಸೊಸಿ ಎಲ್ಲ್ಯಾರ ಅದಾಳೇನು? ಓಣಿ ಮಂದಿ ಎಲ್ಲಾ ಕೇಳಿದ್ರು. ನಿನ್ನ ನೆಗೆಣ್ಣಿಗೂ ಹೇಳೇನಿ, ಕಲೀವಾ ಆಕಿನ್ನ ನೋಡಿ ಅಂತ."

ತಂಗಿ ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಎಡಕ್ಕೆ ತಿರುಗಿದ್ದ ನನ್ನ ಮುಖದ ಮುಂದೆ ಬಗ್ಗಿ ಹೇಳಿದಳು.

"ಅಣ್ಣಾ, ಇನ್ನ ಆ ಮನ್ಯಾಗ ನನಗ ಏನೂ ತ್ರಾಸ ಇಲ್ಲ. ನೀ ಮಾತ್ರ ಪ್ರತಿ ವರ್ಷಾ ಹಿಂಗ ಜಾರಕೊಂತ ಬಾ."